ಎಣ್ಣೆ ಹೊಯ್ದ ಕೈ

ಡಾಯೆಂಗ್ ಕೆಬೋಳನ್ನು ಮರ್ಡಿಯಾ ಮೊದಲು ನೋಡಿದ್ದು ಅರ್ಧ ಕಟ್ಟಿದ ಒಂದು ದೋಣಿಯ ಹೊಟ್ಟೆಯ ಕೆಳಗೆ. ಮದುವೆಯಾಗಿ ಲವಂಗದ ಬೆಟ್ಟದಿಂದ ದಂಡೆಗೆ ಇಳಿದು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಗಂಡ ಬಹ್ತಿಯಾರ್ ಆಗಲೇ ಊರಿನ ಬಡಗಿಗಳ ಜೊತೆ ದೋಣಿ ಕಟ್ಟುವ ಕೆಲಸಕ್ಕೆಂದು ಸಮುದ್ರದಾಚೆಯ ಕಾಲಿಮಂತಾನಕ್ಕೆ ಹೊರಟುಹೋಗಿದ್ದ. ಮನೆಯಲ್ಲಿ ಸುಮ್ಮನೆ ಕೂತು ಕಿಟಕಿಯಿಂದ ಸಮುದ್ರ ನೋಡುವ ಸೊಸೆಯನ್ನು ಕಂಡು ಅತ್ತೆಗೆ ಏನನ್ನಿಸಿತೋ, ಒಂದು ಬೆಳಿಗ್ಗೆ ತಟ್ಟೆಯಲ್ಲಿ ಮರಗೆಣಸಿನ ಕಡುಬು ಇಟ್ಟು, ಬಾಳೆಎಲೆ ಮುಚ್ಚಿ, "ಇದನ್ನ ಡಾಯೆಂಗ್ ಕೆಬೋಗೆ ಕೊಟ್ಟು ಬಾ. ಕೆಲಸ ಕೇಳಬೇಡ. ಅವಳೇ ಹೇಳಿದ್ರೆ ಮಾಡು," ಎಂದು ಕಳಿಸಿದಳು.

ಮರಳಿನ ಮೇಲೆ ಆಸರೆ ಕಂಬಗಳನ್ನು ಕೊಟ್ಟು ನಿಲ್ಲಿಸಿದ ದೋಣಿ ಮಸೀದಿಯ ಮಾಡಿಗಿಂತ ಎತ್ತರವಾಗಿತ್ತು. ಅದರ ನೆರಳಿನಲ್ಲಿ ಒಂದು ದೊಡ್ಡ ಮರದ ಒರಳು. ಒರಳಿನ ಈಚೆ ಒಬ್ಬಳು, ಆಚೆ ಒಬ್ಬಳು. ಈಚೆಯವಳು ತೆಳ್ಳಗೆ, ನೆಟ್ಟಗೆ ಇದ್ದಳು. ಮೊಣಕೈವರೆಗೆ ಸುಣ್ಣ, ಹುಬ್ಬಿನ ಮೇಲೆ ಸುಣ್ಣ, ರೆಪ್ಪೆಯ ಕೂದಲಿಗೂ ಸುಣ್ಣ. ಮರ್ಡಿಯಾ ಬಂದು ನಿಂತದ್ದನ್ನು ನೋಡಿಯೂ ಅವಳು ಒನಕೆ ನಿಲ್ಲಿಸಲಿಲ್ಲ. ಆಚೆಯವಳು ಗುಂಡಗಿದ್ದಳು, ಕುಟ್ಟುತ್ತಲೇ ನಕ್ಕಳು.

"ಯಾರೇ ನೀನು? ಬಹ್ತಿಯಾರನ ಹೆಂಡ್ತಿಯಾ? ಮೈಯೆಲ್ಲ ಲವಂಗದ ವಾಸನೆ! ಸೊಳ್ಳೆನೂ ಹತ್ರ ಬರಲ್ಲ, ಗಂಡನೂ ಹತ್ರ ಬರಲ್ಲ, ಅದಕ್ಕೇ ಓಡಿಹೋದ."

ಮರ್ಡಿಯಾಳ ಕಿವಿ ಬಿಸಿಯಾಯಿತು. ತಟ್ಟೆ ಹಿಡಿದುಕೊಂಡೇ ನಿಂತಳು. ಗಾರೆ ಒಂದು ಹದಕ್ಕೆ ಬಂದ ಮೇಲೆ ತೆಳ್ಳಗಿನವಳು ಒನಕೆಯನ್ನು ಒರಳಿಗೆ ಒರಗಿಸಿ, ಕಡುಬನ್ನು ನೋಡದೆ, "ಕೈ ತೋರಿಸು," ಎಂದಳು. ಮರ್ಡಿಯಾ ತಟ್ಟೆ ಕೆಳಗಿಟ್ಟು ಎರಡೂ ಅಂಗೈ ಚಾಚಿದಳು. ಅವಳು ಒಂದೊಂದು ಬೆರಳನ್ನೂ ತಿರುಗಿಸಿ ನೋಡಿದಳು.

"ಗಾಯ ಇಲ್ಲ. ಗಾಯ ಇದ್ರೆ ಸುಣ್ಣ ತಿಂದುಬಿಡುತ್ತೆ. ಜರಡಿ ಹಿಡಿಯಕ್ಕೆ ಬರುತ್ತಾ?"

"ಬರುತ್ತೆ."

"ಬಾಯಿ ಮುಚ್ಕೊಂಡು ಜರಡಿ ಹಿಡಿಯಕ್ಕೆ ಬರುತ್ತಾ?"

ಮರ್ಡಿಯಾ ತಲೆಯಾಡಿಸಿದಳು. ಗುಂಡಗಿನವಳು ಮತ್ತೆ ನಕ್ಕು, "ನೋಡು, ಆಗ್ಲೇ ಬಾಯಿ ಮುಚ್ಕೊಂಡಿದಾಳೆ. ಇವಳೇ ಸರಿ ನಿಂಗೆ," ಎಂದಳು. ತೆಳ್ಳಗಿನವಳು ಡಾಯೆಂಗ್ ಕೆಬೋ. ಗುಂಡಗಿನವಳು ಡಾಯೆಂಗ್ ಲೆಬಾಂಗ್, ಕೆಬೋಳ ಅಣ್ಣನ ಹೆಂಡತಿ. ಡಾಯೆಂಗ್ ಎಂಬುದು ಆ ದಂಡೆಯಲ್ಲಿ ಹಿರಿಯರನ್ನು ಕರೆಯುವ ಗೌರವದ ಮಾತು.

ಹಾಗೆ ಮರ್ಡಿಯಾ ದೋಣಿಕಟ್ಟೆಯ ಸುಣ್ಣಕ್ಕೆ ಜರಡಿ ಹಿಡಿಯುವವಳಾದಳು.

ಆ ದಂಡೆಯಲ್ಲಿ ಮರದ ದೋಣಿಗಳ ಹಲಗೆಗಳನ್ನು ಮರದ ಗೂಟಗಳಿಂದಲೇ ಜೋಡಿಸುತ್ತಾರೆ. ಎಷ್ಟು ಬಿಗಿಯಾಗಿ ಜೋಡಿಸಿದರೂ ಹಲಗೆ ಹಲಗೆಯ ನಡುವೆ ಒಂದು ಸಂದು ಉಳಿಯುತ್ತದೆ. ಗಂಡಸರು ಆ ಸಂದಿಗೆ ತೊಗಟೆಯ ನಾರನ್ನು ಉಳಿಯಿಂದ ಬಡಿದು ತುಂಬುತ್ತಾರೆ. ಅದರ ಮೇಲೆ ಬಳಿಯುವುದು ಎಣ್ಣೆಗಾರೆ. ಹವಳದ ಕಲ್ಲನ್ನು ಸುಟ್ಟು ಮಾಡಿದ ಸುಣ್ಣ, ಕೊಬ್ಬರಿ ಎಣ್ಣೆ, ಎರಡೇ. ಮೂರನೆಯದು ತೋಳು. ಬೆಳಿಗ್ಗೆ ಹಾಕಿದ ಸುಣ್ಣವನ್ನು ಸಂಜೆವರೆಗೂ ಕುಟ್ಟಬೇಕು. ಅರ್ಧಕ್ಕೆ ಬಿಟ್ಟರೆ ಗಂಟು ಕಟ್ಟುತ್ತದೆ. ಹದಕ್ಕೆ ಬಂದ ಗಾರೆಯ ಉಂಡೆಯನ್ನು ಎಳೆದರೆ ಹರಿಯದೆ ಉದ್ದಕ್ಕೆ ಬರಬೇಕು, ಸಮುದ್ರದ ನೀರಲ್ಲಿ ಹಾಕಿದರೆ ನೀರು ಬೆಳ್ಳಗಾಗಬಾರದು.

ಒಬ್ಬಳ ಕೈಯಲ್ಲಿ ಆಗುವ ಕೆಲಸ ಅದಲ್ಲ. ಒಂದು ಒನಕೆ ಎದ್ದಾಗ ಇನ್ನೊಂದು ಬೀಳಬೇಕು. ಕೆಬೋಳ ಒನಕೆಯ ಪೆಟ್ಟು ಚುರುಕು, ಲೆಬಾಂಗಳದು ಭಾರ. ಎರಡರ ಸದ್ದೂ ಬೇರೆ. ಮೀನಿಗೆ ಹೋದವರು ಮಂಜಿನಲ್ಲಿ ದಂಡೆ ಕಾಣದಿದ್ದಾಗ ಆ ಸದ್ದು ಹಿಡಿದು ಬರುತ್ತಿದ್ದರಂತೆ. ಮರ್ಡಿಯಾ ಜರಡಿ ಹಿಡಿದು ಕೂತು ಕೇಳುತ್ತಿದ್ದಳು. ಒನಕೆ ಆಡುವಾಗ ಅವರಿಬ್ಬರೂ ತಮ್ಮಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಮಧ್ಯಾಹ್ನ ಸುಟ್ಟ ಮೀನು, ಜೋಳದ ಗಂಜಿ ಮುಂದಿಟ್ಟುಕೊಂಡರೆ ಲೆಬಾಂಗ್ ಒಬ್ಬಳೇ ಮಾತಾಡುವುದು, ಕೆಬೋ ನಡುವೆ ಒಂದೊಂದು ಮಾತು ಕುಟುಕುವುದು.

"ನಿನ್ನೆ ಕನಸಲ್ಲಿ ನಿನ್ನಣ್ಣ ಬಂದಿದ್ದ ಕಣೇ."

"ಏನಂದ?"

"ಮೀನು ಯಾಕೆ ಹೊತ್ತಿಸಿದೀಯಾ ಅಂದ."

"ಸತ್ಯ ಹೇಳಿದಾನೆ."

ಇಬ್ಬರ ಗಂಡಂದಿರೂ ಒಂದೇ ದೋಣಿಯಲ್ಲಿ ಹೋದವರು. ತಿಮೋರ್ ದ್ವೀಪದ ಕಡೆಗೆ ಮರ ಹೇರಿಕೊಂಡು ಹೋದ ದೋಣಿ ತಿರುಗಿ ಬರಲಿಲ್ಲ. ಒಂದು ಹಲಗೆಯೂ ಎಲ್ಲೂ ತೇಲಿ ಬರಲಿಲ್ಲ. ಆಗ ಕೆಬೋಗೆ ಮಕ್ಕಳಿರಲಿಲ್ಲ. ಲೆಬಾಂಗಳಿಗೆ ಹುಟ್ಟಿದ ಒಂದು ಹೆಣ್ಣು ಮಗುವೂ ಉಳಿಯಲಿಲ್ಲ. ಆ ದಂಡೆಯಲ್ಲಿ ಹಾಗೆ ಹೋದವರನ್ನು ಸತ್ತರು ಎನ್ನುವುದಿಲ್ಲ, ಇನ್ನೂ ಬಂದಿಲ್ಲ ಎನ್ನುತ್ತಾರೆ. ಬಂದಿಲ್ಲದವರ ಹೆಂಡತಿಯರು ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಅಕ್ಕಪಕ್ಕದ ಎರಡು ಮನೆಗಳಲ್ಲಿ ಮುದುಕಿಯರಾದರು. ಎರಡು ಮನೆಗಳ ಕಿಟಕಿಗಳು ಎದುರುಬದುರು. ಕೈ ಚಾಚಿದರೆ ಒಂದು ಬಟ್ಟಲು ಆಚೆಯಿಂದ ಈಚೆಗೆ ದಾಟಬಹುದು. ಕೆಬೋ ಊರಿನಲ್ಲಿ ಬೇರೆ ಯಾರ ಮನೆಯ ಏಣಿಯನ್ನೂ ಹತ್ತುತ್ತಿರಲಿಲ್ಲ. ಅವಳಿಗೆ ಇದ್ದದ್ದು ಆ ಕಿಟಕಿ, ಆ ಒರಳು.

ಆ ವರ್ಷದ ದೊಡ್ಡ ದೋಣಿಯ ಸಂದು ಮುಚ್ಚುವ ಕೆಲಸ ಅರ್ಧ ಮುಗಿದಿತ್ತು. ಮುಂದಿನ ಹುಣ್ಣಿಮೆಯ ಉಬ್ಬರಕ್ಕೆ ದೋಣಿಯನ್ನು ನೀರಿಗೆ ಎಳೆಯಬೇಕೆಂದು ಮುಖ್ಯ ಬಡಗಿ ಹಾಜಿ ಪಸೆಂಗ್ ಮಾತು ಕೊಟ್ಟಿದ್ದ. ಒಂದು ಸಂಜೆ ಕೆಬೋ ಗಾರೆಯನ್ನು ಎಳೆದು ನೋಡಿ, "ಸಾಕು," ಎಂದಳು.

"ಎಲ್ಲಿ ಸಾಕು? ಅಂಚಲ್ಲಿ ಬಿರಿತಾ ಇದೆ ನೋಡು," ಎಂದಳು ಲೆಬಾಂಗ್.

"ಅಂಚು ಗಾಳಿಗೆ ಒಣಗಿದ್ದು ಅತ್ತಿಗೆ. ಒಳಗೆ ಬೆಣ್ಣೆ ಇದ್ದ ಹಾಗಿದೆ."

"ನಿನ್ನ ತೋಳು ಸೋತಿದೆ. ಅದಕ್ಕೇ ಬೆಣ್ಣೆ ಕಾಣ್ತಾ ಇದೆ."

"ಸೋತಿದ್ದು ಯಾರ ತೋಳು ಅಂತ ಒನಕೆ ಕೇಳಿದ್ರೆ ಹೇಳುತ್ತೆ. ಮಧ್ಯಾಹ್ನದಿಂದ ನಿಂದು ಪೆಟ್ಟಲ್ಲ, ತಟ್ಟೋದು. ಮಗು ಮಲಗಿಸೋ ಹಾಗೆ."

ಮೇಲೆ ಹಲಗೆ ಕೆತ್ತುತ್ತಿದ್ದ ಗಂಡಸರು ನಕ್ಕರು. ಮಗು ಎಂಬ ಮಾತು ಕೇಳಿ ಲೆಬಾಂಗಳ ಮುಖ ಗಟ್ಟಿಯಾಯಿತು. ಅವಳು ಒನಕೆಯನ್ನು ಮರಳಿಗೆ ಊರಿ, ತಣ್ಣಗೆ ಹೇಳಿದಳು:

"ಅವತ್ತೂ ನೀನು ಹೀಗೇ ಸಾಕು ಅಂದಿದ್ದೆ."

ಮೇಲಿನ ನಗು ನಿಂತಿತು. ಉಳಿಯ ಸದ್ದೂ ನಿಂತಿತು. ಯಾವತ್ತು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇನ್ನೂ ಬಂದಿಲ್ಲದ ಆ ದೋಣಿಯ ಸಂದುಗಳನ್ನು ಮುಚ್ಚಿದ್ದೂ ಇವೇ ನಾಲ್ಕು ಕೈಗಳು. ಅಷ್ಟು ವರ್ಷ ಇಬ್ಬರೂ ಒಮ್ಮೆಯೂ ಆಡದ ಮಾತು ಅದು. ಕೆಬೋ ಕೈಯನ್ನು ಮರಳಿಗೆ ಉಜ್ಜಿ ಉಜ್ಜಿ ಒರೆಸಿಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಮರ್ಡಿಯಾ ಹೋದಾಗ ಕೆಬೋ ನಸುಕಿನಲ್ಲೇ ಸೋಸಿದ ಸುಣ್ಣವನ್ನು ಒರಳಿಗೆ ತುಂಬಿಟ್ಟಿದ್ದಳು. ಪಕ್ಕದಲ್ಲಿ ಎಣ್ಣೆಯ ಡಬ್ಬಿ, ಅದರ ಮೇಲೆ ಕವುಚಿದ ತೆಂಗಿನ ಚಿಪ್ಪು, ಎರಡು ಒನಕೆ. ಕುಟ್ಟುವವರು ಮಾತ್ರ ಇರಲಿಲ್ಲ. ಕೆಬೋ ತನ್ನ ಮನೆಯ ಏಣಿಯ ಮೇಲೆ ಕೂತಿದ್ದಳು, ಲೆಬಾಂಗ್ ತನ್ನದರ ಮೇಲೆ. ಒಬ್ಬಳು ಸಮುದ್ರದ ಕಡೆಗೆ ಮುಖ ಮಾಡಿದ್ದಳು, ಇನ್ನೊಬ್ಬಳು ತೆಂಗಿನ ತೋಪಿನ ಕಡೆಗೆ. ನಡುವಿನ ಕಿಟಕಿಗಳೆರಡೂ ಮುಚ್ಚಿದ್ದವು. ಬಿಸಿಲೇರಿದ ಮೇಲೆ ಕೆಬೋ ಬಂದು ಸುಣ್ಣವನ್ನು ಚೀಲಕ್ಕೆ ತುಂಬಿ ಒಯ್ದಳು. ಅದರ ಮರುದಿನವೂ ಹಾಗೆಯೇ. ಆಮೇಲೂ ಹಾಗೆಯೇ.

ಮನೆಯಲ್ಲಿ ಮರ್ಡಿಯಾ ಕೇಳಿದಳು, "ಅವರು ಏನಕ್ಕೆ ಕಾಯ್ತಾ ಇದಾರೆ ಅಮ್ಮ?"

"ದೊಡ್ಡವರ ವಿಷಯ. ನಿಂಗ್ಯಾಕೆ? ನೀನು ಜರಡಿ ಹಿಡಿ," ಎಂದಳು ಅತ್ತೆ.

ಹಾಜಿ ಪಸೆಂಗ್ ಬೆಳಿಗ್ಗೆ ಬೆಳಿಗ್ಗೆ ಬಂದು ಎರಡು ಏಣಿಗಳ ನಡುವೆ ನಿಂತು ಕೂಗಾಡುತ್ತಿದ್ದ. "ನನ್ನ ದೋಣಿ ನಿಮ್ಮಿಬ್ಬರ ಮುಖ ನೋಡ್ಕೊಂಡು ಕೂತಿದೆ! ಚಂದ್ರ ನಿಮಗೋಸ್ಕರ ಕಾಯಲ್ಲ. ಶುಕ್ರವಾರದ ಒಳಗೆ ಒನಕೆ ಸದ್ದು ಕೇಳದಿದ್ರೆ ಮಕಾಸ್ಸರದ ಅಂಗಡಿಯಿಂದ ಡಬ್ಬಿ ಗಾರೆ ತರಿಸ್ತೀನಿ. ಆಮೇಲೆ ಆ ಒರಳಿಗೆ ನೀರು ತುಂಬಿ ಬಾತುಕೋಳಿ ಸಾಕಿ."

"ತರಿಸ್ಕೋ," ಎಂದಳು ಲೆಬಾಂಗ್, ತೋಪಿನ ಕಡೆಗೆ ನೋಡುತ್ತಲೇ.

ಆ ದಿನ ಜರಡಿ ವಾಪಸು ಕೊಡಲು ಏಣಿ ಹತ್ತಿದ ಮರ್ಡಿಯಾಗೆ ಕಂಡದ್ದು ಇದು: ಕೆಬೋ ಒಲೆಯ ಮುಂದೆ ಕೂತಿದ್ದಳು. ಎರಡು ಬಟ್ಟಲಿಗೆ ಗಂಜಿ ಬಡಿಸಿದ್ದಳು. ಒಂದನ್ನು ಮುಚ್ಚಿದ ಕಿಟಕಿಯ ಕೆಳಗೆ ಇಟ್ಟಿದ್ದಳು. ಅದು ಆರಿ ಕೆನೆ ಕಟ್ಟಿತ್ತು. ತನ್ನ ಬಟ್ಟಲಿನದನ್ನೂ ಅವಳು ಉಂಡಿರಲಿಲ್ಲ. "ಅಲ್ಲಿಡು," ಎಂದಳು, ತಿರುಗದೆ. ಡಬ್ಬಿ ಗಾರೆ ಬಂದರೆ ಒರಳು ಹೋಗುತ್ತದೆ, ಒರಳು ಹೋದರೆ ಈ ಹೆಂಗಸಿಗೆ ದಿನವಿಡೀ ಎದುರಿಗೆ ನಿಲ್ಲುವ ಒಂದು ಜೀವವೂ ಇರುವುದಿಲ್ಲ ಎಂದು ಮರ್ಡಿಯಾಗೆ ಆವತ್ತು ಅರ್ಥವಾಯಿತು. ಏಣಿ ಇಳಿಯುವಾಗ, ಬೆಟ್ಟದಲ್ಲಿ ಸಂಜೆ ಕರೆಯಲು ಬರುತ್ತಿದ್ದ ತನ್ನ ತಂಗಿಯ ನೆನಪು ಅವಳಿಗೆ ಬಂತು.

ಗುರುವಾರ ಬೆಳಗಿನ ನಮಾಜು ಮುಗಿದಿರಲಿಲ್ಲ. ಮರ್ಡಿಯಾ ದಂಡೆಗೆ ಬಂದಾಗ ಯಾರೂ ಇರಲಿಲ್ಲ. ಎಂದಿನಂತೆ ಒರಳಿನಲ್ಲಿ ಸುಣ್ಣ, ಪಕ್ಕದಲ್ಲಿ ಎಣ್ಣೆ. ದೋಣಿಯ ಹೊಟ್ಟೆ ಅಡ್ಡವಿದ್ದುದರಿಂದ ಏಣಿಗಳಿಂದ ಒರಳು ಕಾಣುತ್ತಿರಲಿಲ್ಲ. ಸಮುದ್ರದ ಗಾಳಿ ಜೋರಾಗಿತ್ತು. ಅವಳು ಹಿಂದಿನ ದಿನವೆಲ್ಲ ಜರಡಿ ಹಿಡಿದ ಸುಣ್ಣ ಹೊಗೆಯಂತೆ ಎದ್ದು ಹಾರುತ್ತಿತ್ತು. ಅಯ್ಯೋ, ಎಲ್ಲ ಹೋಗುತ್ತದಲ್ಲ ಎಂದುಕೊಂಡಳು. ಎಣ್ಣೆ ಬಿದ್ದರೆ ಸುಣ್ಣ ಕೂರುತ್ತದೆ ಎಂದು ನೋಡಿ ಗೊತ್ತಿತ್ತು. ಚಿಪ್ಪು ತೆಗೆದು, ಡಬ್ಬಿಯಲ್ಲಿ ಅದ್ದಿ, ತುಂಬ ಒಂದು ಚಿಪ್ಪು ಎಣ್ಣೆಯನ್ನು ಸುಣ್ಣದ ನಡುವೆ ಹೊಯ್ದಳು. ಧೂಳು ಅಡಗಿತು. ಚಿಪ್ಪನ್ನು ಇದ್ದಲ್ಲೇ ಕವುಚಿ, ಇನ್ನೊಂದು ಚೀಲ ತರಲು ಸುಣ್ಣದ ಗುಡಿಸಲಿಗೆ ಹೋದಳು.

ತಿರುಗಿ ಬರುವಾಗ ಒಂದು ಒನಕೆಯ ಸದ್ದು ಕೇಳಿತು. ಚುರುಕಾದ ಪೆಟ್ಟು. ಆಮೇಲೆ ಒಂದು ಖಾಲಿ. ಮತ್ತೆ ಪೆಟ್ಟು, ಮತ್ತೆ ಖಾಲಿ. ಕೆಬೋ ಒರಳಿನ ಈಚೆ ನಿಂತು ಕುಟ್ಟುತ್ತಿದ್ದಳು, ಎದುರಿನವಳ ಪೆಟ್ಟಿಗೆ ಜಾಗ ಬಿಟ್ಟು ಬಿಟ್ಟು. ಅವಳ ಕಣ್ಣಿನ ಕೆಳಗಿನ ಸುಣ್ಣ ಒದ್ದೆಯಾಗಿತ್ತು. ಮರ್ಡಿಯಾ ಚೀಲ ಹೊತ್ತುಕೊಂಡೇ ನಿಂತಳು.

ಲೆಬಾಂಗ್ ದೋಣಿಯ ಮೂತಿಯನ್ನು ಬಳಸಿಕೊಂಡು ಬಂದಳು. ತಲೆಯ ಬಟ್ಟೆ ವಾರೆಯಾಗಿತ್ತು. ಒರಳಿನೊಳಗೆ ಇಣುಕಿ, ಎಣ್ಣೆ ಇಂಗಿದ ಸುಣ್ಣವನ್ನು ನೋಡಿದಳು, ಆಮೇಲೆ ಕೆಬೋಳ ಮುಖ ನೋಡಿದಳು. ಒನಕೆ ಎತ್ತಿ, ಖಾಲಿ ಇದ್ದ ಜಾಗಕ್ಕೆ ಸರಿಯಾಗಿ ಹಾಕಿದಳು.

ನಮಾಜು ಮುಗಿಸಿ ಬಂದ ಹಾಜಿ ಪಸೆಂಗ್ ದೂರದಲ್ಲೇ ನಿಂತು, ಸದ್ದು ಕೇಳಿ, ಕಾಫಿ ಕುಡಿಯಲು ತಿರುಗಿ ಹೋದ.

ಅಂದು ಅವರು ಕುಟ್ಟಿದ ಹಾಗೆ ಹಿಂದೆಂದೂ ಕುಟ್ಟಿರಲಿಲ್ಲ. ಮಧ್ಯಾಹ್ನ ಕೆಬೋ ತನ್ನ ಮೀನಿನ ಹೊಟ್ಟೆಯ ಭಾಗವನ್ನು ಕಿತ್ತು ಅತ್ತಿಗೆಯ ಎಲೆಗೆ ಹಾಕಿದಳು. ಲೆಬಾಂಗ್ ಅದರಲ್ಲಿ ಅರ್ಧ ತಿರುಗಿ ಇವಳ ಎಲೆಗೆ ಹಾಕಿದಳು. "ತಿನ್ನೇ, ಎಲುಬು ಎಣಿಸ್ಬಹುದು ನಿಂದು," ಎಂದಳು. ಸಂಜೆ ಗಾರೆ ಎಳೆದು ನೋಡುವಾಗ ಕೆಬೋ, "ನೀನೇ ಹೇಳು ಅತ್ತಿಗೆ," ಎಂದಳು. ಲೆಬಾಂಗ್, "ಇಲ್ಲ, ನೀನೇ ಹೇಳು," ಎಂದಳು. ಕೊನೆಗೆ ಇಬ್ಬರೂ ಹೇಳದೆ ಇನ್ನೊಂದು ಸುತ್ತು ಕುಟ್ಟಿದರು.

ಮನೆಗೆ ಬಂದ ಸೊಸೆಯನ್ನು ಅತ್ತೆ ಬಾಗಿಲಲ್ಲೇ ಹಿಡಿದಳು. "ಕೊನೆಗೂ ಯಾರು ಹೊಯ್ದ್ರು?"

"ಏನು ಹೊಯ್ಯೋದು ಅಮ್ಮ?"

"ಎಣ್ಣೆ ಕಣೇ! ಒರಳಿನ ಜೋಡಿ ಜಗಳ ಆಡಿದ್ರೆ, ತಪ್ಪು ಯಾರದ್ದೋ ಅವರು ಮಾರನೇ ದಿನ ಇನ್ನೊಬ್ಬಳು ಬರೋ ಮೊದ್ಲು ಬಂದು ಮೊದಲನೇ ಎಣ್ಣೆ ಹೊಯ್ಯಬೇಕು. ತಪ್ಪಾಯ್ತು ಅಂತ ಬಾಯಲ್ಲಿ ಹೇಳೋ ಹಾಗಿಲ್ಲ. ಹೊಯ್ದ ಮೇಲೆ ಆ ವಿಷಯ ಅವರಿಬ್ಬರಲ್ಲಿ ಒಬ್ಬರು ಸಾಯೋವರೆಗೂ ಎತ್ತೋ ಹಾಗಿಲ್ಲ. ಎತ್ತಿದ್ರೆ ಗಾರೆ ಬಿರಿಯುತ್ತೆ. ಮುನಿಸು ಇಟ್ಕೊಂಡು ಕುಟ್ಟಿದ ಗಾರೆನ ಈ ದಂಡೇಲಿ ಯಾವ ಬಡಗಿನೂ ಮುಟ್ಟಲ್ಲ. ನಾನು ಲೆಬಾಂಗ್ ಹೊಯ್ದಿರಬೇಕು ಅಂತೀನಿ. ಯಾವಾಗ್ಲೂ ಅವಳೇ ಹೊಯ್ಯೋದು. ಕೆಬೋ ಹುಟ್ಟಿದ ಮೇಲೆ ಒಂದು ಸಲನೂ ಹೊಯ್ದವಳಲ್ಲ. ನೀನು ನೋಡಿದ್ಯಾ?"

ಮರ್ಡಿಯಾ, "ನಾನು ಗುಡಿಸಲಲ್ಲಿದ್ದೆ," ಎಂದಳು. ಅದು ಸುಳ್ಳಲ್ಲ.

ಲೆಬಾಂಗ್ ಹೊಯ್ದಳೆಂದು ಕೆಬೋ ತಿಳಿದಿದ್ದಾಳೆ, ಕೆಬೋ ಹೊಯ್ದಳೆಂದು ಲೆಬಾಂಗ್ ತಿಳಿದಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳುವಂತಿಲ್ಲ. ನಾಳೆ ಹೋಗಿ ಹೇಳಿಬಿಡೋಣ ಎಂದು ಮರ್ಡಿಯಾ ಅಂದುಕೊಂಡಳು. ಮರುದಿನ ಎರಡು ಒನಕೆಗಳ ಸದ್ದು ಕೇಳಿದ ಮೇಲೆ ಧೈರ್ಯವಾಗಲಿಲ್ಲ. ದೋಣಿ ನೀರಿಗಿಳಿಯಲಿ ಎಂದುಕೊಂಡಳು. ದೋಣಿ ಇಳಿಯಿತು, ಒಳಗೆ ಒಂದು ಹನಿ ನೀರೂ ಬರಲಿಲ್ಲವೆಂದು ಪಸೆಂಗ್ ಇಬ್ಬರಿಗೂ ಉಡಲು ಒಂದೊಂದು ಹೊಸ ಸರೋಂಗು ಕೊಟ್ಟ. ಇನ್ನು ಹೇಳಿ ಏನಾಗಬೇಕು ಎಂದು ಅವಳು ಬಿಟ್ಟುಬಿಟ್ಟಳು. ಬಿಟ್ಟರೂ ಅದು ಅವಳನ್ನು ಬಿಡಲಿಲ್ಲ. ಬಹ್ತಿಯಾರ್ ಫೋನಿನಲ್ಲಿ, "ದಂಡೇಲಿ ಏನು ಸುದ್ದಿ?" ಎಂದು ಕೇಳಿದಾಗಲೆಲ್ಲ, "ಏನಿಲ್ಲ," ಎನ್ನುವಳು.

ಪಡುವಣ ಗಾಳಿಯ ಮಳೆಗಾಲದಲ್ಲಿ ಲೆಬಾಂಗಳಿಗೆ ಎದೆಯಲ್ಲಿ ಕಫ ಕಟ್ಟಿತು. ಕೆಬೋ ಕಿಟಕಿ ತೆರೆದೇ ಇಟ್ಟು ಮಲಗುತ್ತಿದ್ದಳು, ಮಳೆ ಎರಚಿದರೂ. ಹಗಲು ಅವಳು ಸುಣ್ಣದ ಗೂಡಿನ ಕಡೆ ಹೋದ ಹೊತ್ತಿನಲ್ಲಿ ಮರ್ಡಿಯಾ ಬಂದು ಗಂಜಿ ಕುಡಿಸುವಳು. ಒಂದು ದಿನ ಲೆಬಾಂಗ್ ಎರಡು ಚಮಚ ಕುಡಿದು ಸಾಕೆಂದು ಕೈ ಅಡ್ಡ ಇಟ್ಟಳು.

"ಬೆಟ್ಟದವಳೇ, ಒಂದು ಮಾತು ಹೇಳ್ತೀನಿ, ಯಾರ ಹತ್ರನೂ ಆಡ್ಬೇಡ. ಆಡಬಾರದು ಅಂತಿದೆ, ಆದ್ರೂ ಹೇಳ್ಬೇಕು ಅನ್ಸುತ್ತೆ. ಅವತ್ತು ಅವಳು ಎಣ್ಣೆ ಹೊಯ್ದಳು."

ಮರ್ಡಿಯಾ ಬಟ್ಟಲನ್ನು ಕೆಳಗಿಟ್ಟಳು.

"ಜೀವಮಾನ ಎಲ್ಲ ನಾನೇ ಹೊಯ್ದೆ. ತಪ್ಪು ನಂದಿರ್ಲಿ ಇಲ್ದಿರ್ಲಿ. ಅವಳು ಸೆಟೆದುಕೊಂಡು ಕೂತ್ಕೋತಾಳೆ, ನಂಗೆ ಕೂರಕ್ಕಾಗಲ್ಲ, ಹೋಗಿ ಹೊಯ್ತೀನಿ. ಆದ್ರೆ ಆ ಸಲ ಹೊಯ್ಯಬಾರದು ಅಂತಿದ್ದೆ. ಸಾಯೋವರೆಗೂ ಹೊಯ್ಯಲ್ಲ ಅಂತಿದ್ದೆ. ಗಂಡಂದಿರು ಹೋದ ದೋಣಿಗೆ ಅವಳು ಸಾಕು ಅಂದಿದ್ದು ಹೌದು ತಾನೇ? ನಾನು ಬೇಡ ಅಂದಿದ್ದೂ ಹೌದು. ಒಂದು ಸಲ, ಹೌದು ಅತ್ತಿಗೆ ಅಂತ ಅನ್ಬೇಕಿತ್ತು. ಅಷ್ಟೇ ನಂಗೆ ಬೇಕಾಗಿದ್ದು. ಎಣ್ಣೆ ಹೊಯ್ದು ಅಂದ್ಬಿಟ್ಟಳು." ಅವಳು ಉಸಿರು ಎಳೆದುಕೊಂಡಳು. "ಅಂದ ಮೇಲೆ ನೋಡು, ಎಲ್ಲ ಇಳಿದುಹೋಯ್ತು. ಗಾರೆಯಿಂದ ಮುಳುಗಿತೋ, ಗಾಳಿಯಿಂದ ಮುಳುಗಿತೋ, ಯಾರು ಕಂಡಿದಾರೆ? ಪಾಪ ಅವಳೂ ಗಂಡನ್ನ ಕಳಿಸಿದವಳೇ."

ಮಳೆ ನಿಲ್ಲುವ ಮೊದಲೇ ಲೆಬಾಂಗ್ ಹೋದಳು. ಹೆಣಕ್ಕೆ ಸ್ನಾನ ಮಾಡಿಸಿದವಳು ಕೆಬೋ. ಸುಣ್ಣದಿಂದ ಬಿರಿದ ಆ ಅಂಗೈಗಳನ್ನು ಅವಳು ಎಷ್ಟು ಹೊತ್ತು ತೊಳೆದಳೆಂದರೆ, ಪಕ್ಕದಲ್ಲಿದ್ದ ಹೆಂಗಸರು ಚೆಂಬನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಳ್ಳಬೇಕಾಯಿತು.

ಎದುರಿನ ಮನೆಯ ಕಿಟಕಿ ತೆರೆದೇ ಉಳಿಯಿತು. ಆಚೆ ಕತ್ತಲೆ. ಕೆಬೋ ತನ್ನ ಕಿಟಕಿಯನ್ನೂ ಮುಚ್ಚಲಿಲ್ಲ.

ಮಳೆ ಕಳೆದ ಮೇಲೆ ಬಂದ ದೋಣಿಯ ಮಾಲೀಕನಿಗೆ ಡಬ್ಬಿ ಗಾರೆಯೇ ಸಾಕಿತ್ತು. ತಳದ ಸಂದುಗಳಿಗೆ ಮಾತ್ರ ಕುಟ್ಟಿದ ಗಾರೆ ಇರಲಿ ಎಂದು ಪಸೆಂಗ್ ಹಟ ಹಿಡಿದ. ಜೋಡಿಗೆ ಯಾರು? ಊರಿನ ಹೆಂಗಸರು ಕೆಬೋಳ ನಾಲಿಗೆಗೆ ಹೆದರಿ ಹಿಂದೆ ಸರಿದರು. ಮರ್ಡಿಯಾ ಲೆಬಾಂಗಳ ಒನಕೆ ಹಿಡಿದಳು. ಮೊದಲ ದಿನಗಳಲ್ಲಿ ಅವಳ ಪೆಟ್ಟು ಕೆಬೋಳ ಪೆಟ್ಟಿಗೆ ಡಿಕ್ಕಿ ಹೊಡೆಯುತ್ತಿತ್ತು. ಕೆಬೋ ಬೈಯಲಿಲ್ಲ. ಬೈದಿದ್ದರೆ ಮರ್ಡಿಯಾಗೆ ಸಮಾಧಾನವಾಗುತ್ತಿತ್ತು. ಕೆಬೋ ನಿಂತು, ಕಾದು, ಮತ್ತೆ ಶುರು ಮಾಡುತ್ತಿದ್ದಳು. ಮಧ್ಯಾಹ್ನ ಉಣ್ಣುವಾಗ ಅವಳಾಗಿಯೇ ಆಡುತ್ತಿದ್ದದ್ದು ಒಂದೇ ಮಾತು.

"ಅವಳು ಹೋಗೋ ಮೊದ್ಲು ಆ ಮಾತು ವಾಪಸ್ ತಗೊಂಡ್ಲು. ಹೊಯ್ದಳು. ಅಷ್ಟು ಸಾಕು ನಂಗೆ."

ಎಲೆ ಮಡಿಸುತ್ತಾ, ಸಮುದ್ರಕ್ಕೆ ಹೇಳಿದ ಹಾಗೆ ಹೇಳುವಳು. ಮರ್ಡಿಯಾ ಮೀನಿನ ಮುಳ್ಳು ಆರಿಸುತ್ತಾ ಕೂರುವಳು.

ತಳದ ಕೊನೆಯ ಸಂದಿಗೆ ಗಾರೆ ಕುಟ್ಟುತ್ತಿದ್ದ ದಿನ, ನಡು ಹೊತ್ತಿನಲ್ಲಿ, ಕೆಬೋ ಒನಕೆ ನಿಲ್ಲಿಸದೆ ಕೇಳಿದಳು. ಒನಕೆ ಆಡುವಾಗ ಅವಳು ಮಾತಾಡಿದ್ದು ಅದೇ ಮೊದಲು.

"ಅವತ್ತು ನೀನೇ ಎಲ್ಲರಿಗಿಂತ ಮೊದ್ಲು ಬಂದಿದ್ದೆ ಅಲ್ವಾ?"

"ಯಾವತ್ತು ಡಾಯೆಂಗ್?"

"ಗೊತ್ತಿದ್ದೂ ಕೇಳ್ಬೇಡ. ಈಗ ಅವಳಿಲ್ಲ, ಕೇಳಿದ್ರೆ ತಪ್ಪಿಲ್ಲ. ಅತ್ತಿಗೆ ಹೊಯ್ಯೋದನ್ನ ನೋಡಿದ್ಯಾ? ಹೇಗೆ ಬಂದ್ಲು? ಬೈಕೊಂಡು ಬಂದ್ಲಾ, ಅತ್ಕೊಂಡು ಬಂದ್ಲಾ? ಸ್ವಲ್ಪ ಹೇಳು."

ಹೇಳುವುದು ಸುಲಭವಿತ್ತು. ಬೈದುಕೊಂಡು ಬಂದಳು ಡಾಯೆಂಗ್, ಹೊಯ್ಯುವಾಗ ಅತ್ತಳು ಎಂದರೆ ಮುಗಿಯಿತು. ಈ ಮುದುಕಿ ಉಳಿದ ದಿನಗಳನ್ನು ಅದರ ಮೇಲೆಯೇ ಕಳೆಯುತ್ತಾಳೆ. ಆದರೆ ಹಾಗೆ ಹೇಳಿದರೆ, ಲೆಬಾಂಗ್ ಉಸಿರು ಕಟ್ಟಿಕೊಂಡು ಆಡಿದ ಮಾತುಗಳೆಲ್ಲ ಅವಳ ಜೊತೆಗೇ ಮಣ್ಣಾದ ಹಾಗೆ. ಅವನ್ನು ಕೇಳಿದ ಕಿವಿ ಇದೊಂದೇ. ಮರ್ಡಿಯಾಳ ಪೆಟ್ಟು ತಪ್ಪಿತು.

"ಅವರು ಹೊಯ್ಯಲಿಲ್ಲ ಡಾಯೆಂಗ್. ನಾನು ಹೊಯ್ದೆ. ಸುಣ್ಣ ಹಾರ್ತಾ ಇತ್ತು. ನಂಗೆ ಗೊತ್ತಿರಲಿಲ್ಲ."

ಕೆಬೋಳ ಒನಕೆ ಎದ್ದು ಬಿತ್ತು. ಮತ್ತೆ ಎದ್ದು ಬಿತ್ತು. ಎದುರಿನ ಪೆಟ್ಟು ಬಾರದಿದ್ದರೂ ಅವಳು ಜಾಗ ಬಿಟ್ಟು ಕುಟ್ಟುತ್ತಲೇ ಇದ್ದಳು.

"ಅಂದ್ರೆ ಆ ಮಾತನ್ನ ಅವಳು ವಾಪಸ್ ತಗೊಳ್ಳಲಿಲ್ಲ."

"ಇಲ್ಲ. ಆದ್ರೆ ಅವರು... ನೀವು ಹೊಯ್ದಿರಿ ಅಂದ್ಕೊಂಡಿದ್ರು."

ಈಗ ಕೆಬೋ ನಿಲ್ಲಿಸಿದಳು. "ಯಾರು ಹೇಳಿದ್ದು?"

"ಅವರೇ. ಮಳೆಗಾಲದಲ್ಲಿ, ಗಂಜಿ ಕುಡಿಸುವಾಗ."

"ಏನಂದ್ಲು ಹೇಳು. ಒಂದು ಮಾತೂ ನಿಂದು ಸೇರಿಸ್ಬೇಡ."

ಮರ್ಡಿಯಾ ಹೇಳಿದಳು. ಜೀವಮಾನವೆಲ್ಲ ನಾನೇ ಹೊಯ್ದೆ ಎಂದಿದ್ದನ್ನು ಹೇಳಿದಳು, ಹೌದು ಅತ್ತಿಗೆ ಅನ್ನಬೇಕಿತ್ತು ಎಂದಿದ್ದನ್ನು ಹೇಳಿದಳು, ಎಲ್ಲ ಇಳಿದುಹೋಯ್ತು ಎಂದಿದ್ದನ್ನೂ, ಪಾಪ ಅವಳೂ ಗಂಡನನ್ನು ಕಳಿಸಿದವಳೇ ಎಂದಿದ್ದನ್ನೂ. ಕೆಬೋ ಒನಕೆಯ ತುದಿಯ ಮೇಲೆ ಗದ್ದ ಊರಿ ಕೇಳಿದಳು.

"ಖುಷಿಯಾಗಿದ್ಲಾ?"

"ಹೂಂ."

"ನಾನು ಒಪ್ಕೊಂಡೆ ಅಂತ ಖುಷಿಯಾಗಿದ್ಲು."

"ಹೂಂ ಡಾಯೆಂಗ್."

"ನಾನು ಒಪ್ಕೊಂಡಿರಲಿಲ್ಲ."

ಮೇಲೆ ಯಾರೋ ಯಂತ್ರದ ಗರಗಸ ಹಚ್ಚಿದರು. ಅದು ನಿಲ್ಲುವವರೆಗೆ ಕೆಬೋ ಒರಳಿನ ಅಂಚಿಗೆ ಅಂಟಿದ ಗಾರೆಯನ್ನು ಬೆರಳಿಂದ ಕೆರೆಯುತ್ತಿದ್ದಳು.

"ಅಷ್ಟು ಬೇಕಾಗಿತ್ತು ಅಂತ ಗೊತ್ತಿದ್ದಿದ್ರೆ ಹೊಯ್ತಿದ್ದೆ," ಎಂದಳು. "ಒಂದು ಚಿಪ್ಪು ಎಣ್ಣೆ."

ಮರ್ಡಿಯಾ ಅಳತೊಡಗಿದಳು. ಕೆಬೋ ಅವಳನ್ನು ನೋಡಿ, "ಕಣ್ಣಿಗೆ ಕೈ ಹಚ್ಬೇಡ, ಸುಣ್ಣ ಇದೆ," ಎಂದಳು. ಆಮೇಲೆ ಒನಕೆ ಎತ್ತಿದಳು. ಅರ್ಧಕ್ಕೆ ಬಿಟ್ಟರೆ ಗಂಟು ಕಟ್ಟುತ್ತದೆ. ಸಂಜೆಯವರೆಗೆ ಇಬ್ಬರೂ ಕುಟ್ಟಿದರು. ಗಾರೆ ಎಳೆದಾಗ ಹರಿಯದೆ ಬಂತು. ಕೆಬೋ ಮಾತ್ರ ಸಾಕು ಎನ್ನಲಿಲ್ಲ; ಉಂಡೆಯನ್ನು ಮರ್ಡಿಯಾಳ ಕೈಗೆ ಕೊಟ್ಟು, ಅವಳು ತಲೆಯಾಡಿಸುವವರೆಗೆ ಕಾದಳು.

ಕೈ ತೊಳೆದುಕೊಳ್ಳುವಾಗ ಹೇಳಿದಳು, "ಇನ್ನು ನೀನು ಬರಬೇಡ. ಕೋಪ ಅಲ್ಲ. ಕೋಪ ಇದ್ದಿದ್ರೆ ಬೈತಿದ್ದೆ. ಎದುರಿಗೆ ನೀನು ನಿಂತ್ರೆ ಅವಳಲ್ಲ, ಅವಳಲ್ಲ ಅಂತ ದಿನವೆಲ್ಲ ಅನ್ಸುತ್ತೆ. ಎದುರಿಗೆ ಯಾರೂ ಇಲ್ದಿದ್ರೆ ಅಷ್ಟು ಅನ್ಸಲ್ಲ."

"ಒಬ್ಬರೇ ಹೇಗೆ ಕುಟ್ತೀರಾ?"

"ಸಣ್ಣ ಒರಳಲ್ಲಿ. ಸಣ್ಣ ದೋಣಿಗೆ." ಒದ್ದೆ ಕೈ ಕೊಡವಿ, "ಬೆಟ್ಟದವಳೇ, ನೀನು ಹೇಳಿದ್ದು ಒಳ್ಳೇದಾಯ್ತು," ಎಂದಳು. ಒಳ್ಳೆಯದಾಯಿತು ಎನ್ನುವ ಮುಖ ಅದಾಗಿರಲಿಲ್ಲ. ಆದರೂ ಅವಳು ಅದನ್ನು ಹೇಳಿದಳು.

ಬಹ್ತಿಯಾರ್ ತಿರುಗಿ ಬಂದ. ಮರ್ಡಿಯಾ ಈಗ ರಸ್ತೆಯ ಬದಿಯಲ್ಲಿ ಕರಿದ ಬಾಳೆಹಣ್ಣು, ಕಾಫಿ ಮಾರುತ್ತಾಳೆ. ದೊಡ್ಡ ದೋಣಿಗಳಿಗೆಲ್ಲ ಡಬ್ಬಿ ಗಾರೆಯೇ ಬರುತ್ತದೆ. ಡಾಯೆಂಗ್ ಕೆಬೋ ತನ್ನ ಮನೆಯ ಕೆಳಗೆ, ಕಂಬಗಳ ನಡುವೆ, ಸಣ್ಣ ಒರಳಿನಲ್ಲಿ ಒಂದೇ ಒನಕೆಯಿಂದ ಸುಣ್ಣ ಕುಟ್ಟುತ್ತಾಳೆ. ಮೀನುಗಾರರು ಹಳೆಯ ಪುಟ್ಟ ದೋಣಿಗಳ ಬಿರುಕಿಗೆ ಅವಳ ಗಾರೆ ಒಯ್ಯುತ್ತಾರೆ.